ಸಮರಭೂಮಿಯಲ್ಲಿ ದೂರವೈದ್ಯ

ಯುದ್ಧವೆಂದೊಡನೆ ಸೈನ್ಯಗಳ ಸೋಲು ಗೆಲವುಗಳು ನೆನಪಿಗೆ ಬರುವುದು ಸಹಜ. ಆದರೆ ಯುದ್ಧ ನಡೆಯುವ ನೆಲದಲ್ಲಿ ಸೈನಿಕರಷ್ಟೇ ಇರುವುದಿಲ್ಲ. ಅಲ್ಲಿ ಊರುಗಳಿವೆ, ಶಾಲೆಗಳಿವೆ, ಸಂತೆಗಳಿವೆ. ರೊಟ್ಟಿಯ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತ ಹೆಂಗಸರೂ ಮಕ್ಕಳೂ ಇದ್ದಾರೆ. ಬಾಂಬು ಬಿದ್ದಾಗ ಅದು ಸೈನಿಕನನ್ನೂ ಶಿಶುವನ್ನೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಗಾಯಗೊಂಡವರನ್ನು ಆಸ್ಪತ್ರೆಗೆ ಹೊತ್ತು ತರುತ್ತಾರೆ. ಆದರೆ ಆ ಆಸ್ಪತ್ರೆಯಲ್ಲಿ ಅವರನ್ನು ಉಳಿಸಬಲ್ಲ ವೈದ್ಯರು ಇದ್ದಾರೆಯೆ? ಯುದ್ಧ ವರ್ಷಗಟ್ಟಲೆ ಮುಂದುವರಿದಂತೆ ಈ ಪ್ರಶ್ನೆಗೆ ದೊರೆಯುವ ಉತ್ತರ ದಾರುಣವಾಗುತ್ತ ಹೋಗುತ್ತದೆ. ನುರಿತ ಶಸ್ತ್ರವೈದ್ಯರಲ್ಲಿ ಕೆಲವರು ಸತ್ತಿರುತ್ತಾರೆ, ಕೆಲವರು ಸೆರೆಯಲ್ಲಿರುತ್ತಾರೆ, ಹಲವರು ಕುಟುಂಬದೊಡನೆ ದೇಶ ಬಿಟ್ಟಿರುತ್ತಾರೆ. ಉಳಿದವರು ಬೆರಳೆಣಿಕೆಯ ಮಂದಿ. ಅವರಲ್ಲಿಯೂ ಅನೇಕರು ಇನ್ನೂ ವ್ಯಾಸಂಗ ಮುಗಿಸದ ತರುಣರು. ಗಾಯಗಳು ಹೆಚ್ಚುತ್ತಿರುವಾಗಲೇ ವಿದ್ಯೆ ಕಡಮೆಯಾಗುತ್ತಿರುತ್ತದೆ. ಹೊರಗಿನಿಂದ ತಜ್ಞರನ್ನು ಕರೆಸೋಣವೆಂದರೆ ದಾರಿಗಳು ಮುಚ್ಚಿವೆ, ಊರಿನ ಸುತ್ತ ಮುತ್ತಿಗೆಯಿದೆ.

ಮನುಷ್ಯನು ಹೋಗಲಾರದ ಎಡೆಗೆ ಅವನ ವಿದ್ಯೆಯಾದರೂ ಹೋಗಬಲ್ಲುದೆ? ಈ ಪ್ರಶ್ನೆಗೆ ನಮ್ಮ ಕಾಲ ಕಂಡುಕೊಂಡ ಉತ್ತರವೇ ದೂರವೈದ್ಯ. ತಂತಿ, ದೂರವಾಣಿ, ಉಪಗ್ರಹ, ಅಂತರ್ಜಾಲ ಮೊದಲಾದ ಸಾಧನಗಳ ಮೂಲಕ ದೂರದ ವೈದ್ಯನು ಇಲ್ಲಿಯ ರೋಗಿಯ ಚಿಕಿತ್ಸೆಗೆ ನೆರವಾಗುವ ಪದ್ಧತಿ ಇದು.

ಈ ಕಲ್ಪನೆ ತೀರ ಹೊಸದೇನೂ ಅಲ್ಲ. 1905ರಲ್ಲಿಯೇ ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಟ್‌ಹೋವನ್ ಎಂಬ ವಿಜ್ಞಾನಿ, ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಯ ಹೃದಯದ ವಿದ್ಯುತ್ ಮಿಡಿತವನ್ನು ದೂರವಾಣಿಯ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಶಾಲೆಗೆ ತಂದು ಅಲ್ಲಿ ದಾಖಲಿಸಿದನು. ಇದಕ್ಕಿಂತಲೂ ವಿಸ್ಮಯಕರವಾದ ಘಟನೆ 1917ರಲ್ಲಿ ಆಸ್ಟ್ರೇಲಿಯದಲ್ಲಿ ನಡೆಯಿತು. ಹಾಲ್ಸ್ ಕ್ರೀಕ್ ಎಂಬ ಕುಗ್ರಾಮದ ಬಳಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದು ಮೂತ್ರಕೋಶಕ್ಕೆ ಗಾಯಮಾಡಿಕೊಂಡನು. ಸುತ್ತಮುತ್ತ ನೂರಾರು ಮೈಲಿ ವೈದ್ಯರಿಲ್ಲ. ಊರಿನ ಅಂಚೆಯ ಅಧಿಕಾರಿ ಟಕೆಟ್ ಎಂಬವನು ತಂತಿಯ ಮೂಲಕ ಪರ್ತ್ ನಗರದ ಡಾಕ್ಟರ್ ಹಾಲೆಂಡನನ್ನು ಸಂಪರ್ಕಿಸಿದನು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ವೈದ್ಯನು ಮೋರ್ಸ್ ಸಂಕೇತಗಳಲ್ಲಿ ಒಂದೊಂದೇ ಸೂಚನೆ ಕಳುಹಿಸುತ್ತ ಹೋದಂತೆ, ಶಸ್ತ್ರವಿದ್ಯೆಯ ಗಂಧವನ್ನೂ ಅರಿಯದ ಆ ಅಂಚೆಯವನು ಸಣ್ಣದೊಂದು ಚೂರಿಯಿಂದಲೇ ಶಸ್ತ್ರಚಿಕಿತ್ಸೆ ಮಾಡಿದನು. ಕೆಲಸ ಸರಿಯಾಗಿಯೇ ನಡೆಯಿತು. ಆದರೆ ಮಲೇರಿಯ ಮೊದಲಾದ ಬೇರೆ ತೊಡಕುಗಳಿಂದ ಡಾರ್ಸಿ ಕಡೆಗೆ ತೀರಿಕೊಂಡನು. ರೋಗಿಯನ್ನು ಕಣ್ಣಾರೆ ಕಾಣಬೇಕೆಂದು ಹಡಗು, ಮೋಟಾರು, ಕುದುರೆಗಳ ಮೇಲೆ ದಿನಗಟ್ಟಲೆ ಪಯಣಿಸಿದ ಹಾಲೆಂಡನು ತಲಪುವಷ್ಟರಲ್ಲಿ ಅವನು ಬದುಕಿರಲಿಲ್ಲ. ಈ ದುರಂತ ಪತ್ರಿಕೆಗಳ ಮೂಲಕ ದೇಶಕ್ಕೆಲ್ಲ ತಿಳಿಯಿತು. ಮುಂದೆ 1928ರಲ್ಲಿ ಆ ನಾಡಿನಲ್ಲಿ ವಿಮಾನದಲ್ಲಿ ಹಾರಿಬಂದು ಚಿಕಿತ್ಸೆ ನೀಡುವ ವೈದ್ಯಸೇವೆ ಆರಂಭವಾಗಲು ಅದೂ ಒಂದು ಪ್ರೇರಣೆಯಾಯಿತು.

ದೂರವೈದ್ಯದ ಶಕ್ತಿಯೂ ಮಿತಿಯೂ ಈ ಹಳೆಯ ಘಟನೆಯಲ್ಲಿಯೇ ಸ್ಪಷ್ಟವಾಗಿವೆ. ವಿದ್ಯೆ ತಂತಿಯಲ್ಲಿ ಹರಿದುಬರಬಹುದು. ಆದರೆ ಚೂರಿ ಹಿಡಿಯುವ ಕೈ ರೋಗಿಯ ಪಕ್ಕದಲ್ಲಿಯೇ ಇರಬೇಕು. ಆ ಕೈಗೆ ಧೈರ್ಯವಿರಬೇಕು. ಹೇಳುವವನ ಮೇಲೆ ವಿಶ್ವಾಸವಿರಬೇಕು. ಹೇಳುವವನಿಗೂ ಅಷ್ಟೆ: ತಾನು ಕಾಣದ ಗಾಯವನ್ನು ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳುವ ಸಾಮರ್ಥ್ಯವಿರಬೇಕು.

ಸಮರಭೂಮಿಯಲ್ಲಿ ಇದೇ ಬಗೆಯ ಪರೀಕ್ಷೆ ತೊಂಬತ್ತು ವರ್ಷಗಳ ತರುವಾಯ ಮತ್ತೊಮ್ಮೆ ನಡೆಯಿತು. ಡೇವಿಡ್ ನಾಟ್ ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಹುಟ್ಟಿ ಲಂಡನ್ನಿನ ಆಸ್ಪತ್ರೆಗಳಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯರು. ರಕ್ತನಾಳಗಳ ಚಿಕಿತ್ಸೆಯಲ್ಲಿ ನಿಷ್ಣಾತರು. 1993ರಲ್ಲಿ ಮುತ್ತಿಗೆಗೆ ಸಿಲುಕಿದ್ದ ಸರಯೇವೊ ನಗರಕ್ಕೆ ಹೋದಂದಿನಿಂದ, ವರ್ಷದಲ್ಲಿ ಕೆಲವು ವಾರಗಳನ್ನು ಸಂಬಳವಿಲ್ಲದೆ ಯುದ್ಧಪೀಡಿತ ದೇಶಗಳಲ್ಲಿ ಕಳೆಯುವುದು ಅವರ ವ್ರತವಾಯಿತು. 2008ರಲ್ಲಿ ಅವರು ಆಫ್ರಿಕದ ಕಾಂಗೋ ದೇಶದ ರುತ್ಶೂರು ಎಂಬಲ್ಲಿ ‘ಎಲ್ಲೆಗಳಿಲ್ಲದ ವೈದ್ಯರು’ ಎಂಬ ಸಂಸ್ಥೆಯ ಪರವಾಗಿ ದುಡಿಯುತ್ತಿದ್ದರು. ಒಳಯುದ್ಧದಿಂದ ನಲುಗಿದ ಆ ಸೀಮೆಯ ಆಸ್ಪತ್ರೆಗೆ ಹದಿನಾರು ವರ್ಷದ ಬಾಲಕನೊಬ್ಬ ಬಂದನು. ಅವನ ಎಡತೋಳು ಹರಿದುಹೋಗಿ, ಉಳಿದ ಮೋಟು ಭಾಗ ಕೊಳೆಯತೊಡಗಿತ್ತು. ಕೊಳೆತ ಭುಜಕ್ಕೇರಿ ಮೈಗೆಲ್ಲ ನಂಜು ಹರಡಿದರೆ ಎರಡು ಮೂರು ದಿನಗಳಲ್ಲಿ ಸಾವು ಖಂಡಿತ.

ಅವನನ್ನು ಉಳಿಸಲು ಇದ್ದ ದಾರಿ ಒಂದೇ. ತೋಳಿನ ಮೋಟಿನೊಡನೆ ಕೊರಳೆಲುಬು, ಹೆಗಲೆಲುಬುಗಳನ್ನೂ ಸೇರಿಸಿ ಇಡೀ ಭುಜವನ್ನೇ ತೆಗೆದುಹಾಕಬೇಕು. ಸಾಮಾನ್ಯವಾಗಿ ಭುಜದ ಕ್ಯಾನ್ಸರಿನಂತಹ ರೋಗಗಳಲ್ಲಿ ಮಾತ್ರ, ಸಕಲ ಸಲಕರಣೆಗಳುಳ್ಳ ದೊಡ್ಡ ಆಸ್ಪತ್ರೆಗಳಲ್ಲಿ ಅಪರೂಪಕ್ಕೆ ಮಾಡುವ ಶಸ್ತ್ರಚಿಕಿತ್ಸೆ ಅದು. ನಾಟ್ ಅವರು ಅದನ್ನು ಹಿಂದೆಂದೂ ಮಾಡಿರಲಿಲ್ಲ. ಆಸ್ಪತ್ರೆಯಲ್ಲಿ ಅವನಿಗೆ ಕೊಡಲು ಇದ್ದದ್ದು ಒಂದೇ ಒಂದು ಚೀಲ ರಕ್ತ. ಆಗ ಅವರಿಗೆ ಲಂಡನ್ನಿನಲ್ಲಿದ್ದ ತಮ್ಮ ಸಹೋದ್ಯೋಗಿ ಮೆರಿಯನ್ ಥಾಮಸ್ ನೆನಪಾದರು. ಥಾಮಸ್ ಅವರು ಆ ಶಸ್ತ್ರಚಿಕಿತ್ಸೆಯನ್ನು ಬಲ್ಲವರು. ನಾಟ್ ತಮ್ಮ ಮೊಬೈಲ್ ದೂರವಾಣಿಯಿಂದ ಅವರಿಗೊಂದು ಸಂದೇಶ ಕಳುಹಿಸಿದರು. ಉತ್ತರವೂ ಸಂದೇಶವಾಗಿಯೇ ಬಂದಿತು. ಕೊರಳೆಲುಬಿನಿಂದ ಆರಂಭಿಸಬೇಕು, ಅದರ ಅಡಿಯ ದೊಡ್ಡ ರಕ್ತನಾಳಗಳನ್ನು ಮೊದಲು ಕಟ್ಟಿ ಬಳಿಕ ಕತ್ತರಿಸಬೇಕು, ಆಮೇಲೆ ನರಗಳು, ಆಮೇಲೆ ಸ್ನಾಯುಗಳು - ಹೀಗೆ ಮೊದಲಿನಿಂದ ಕೊನೆಯವರೆಗೆ ಕ್ರಮವನ್ನೆಲ್ಲ ಥಾಮಸ್ ಕೆಲವೇ ಸಾಲುಗಳಲ್ಲಿ ಬರೆದಿದ್ದರು. ಆ ಸಾಲುಗಳನ್ನು ಮನಸ್ಸಿನಲ್ಲಿ ಉರುಹಚ್ಚಿಕೊಂಡು ನಾಟ್ ಶಸ್ತ್ರಚಿಕಿತ್ಸೆ ನಡೆಸಿದರು. ಬಾಲಕ ಬದುಕಿದನು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಕೆಲವು ಸಾಲುಗಳ ಸಂದೇಶ ಫಲಿಸಿದ್ದು ಅದನ್ನು ಓದಿದವರು ಸ್ವತಃ ಪಳಗಿದ ಶಸ್ತ್ರವೈದ್ಯರಾದುದರಿಂದ. ರಕ್ತನಾಳವನ್ನು ಕಟ್ಟಬೇಕೆಂದರೆ ಹೇಗೆ ಕಟ್ಟಬೇಕೆಂಬುದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ. ದೀಪದಿಂದ ದೀಪವನ್ನು ಹಚ್ಚಬಹುದು; ಆದರೆ ಹಚ್ಚಿಸಿಕೊಳ್ಳುವ ದೀಪದಲ್ಲಿ ಎಣ್ಣೆ ಬತ್ತಿಗಳು ಇರಲೇಬೇಕಷ್ಟೆ.

ಸಮರಭೂಮಿಯ ವೈದ್ಯನಿಗೆ ದೂರದ ನೆರವು ಏಕೆ ಇಷ್ಟು ಅಗತ್ಯವೆಂಬುದು ಯುದ್ಧದ ಗಾಯಗಳ ಸ್ವರೂಪವನ್ನು ಅರಿತರೆ ತಿಳಿಯುತ್ತದೆ. ಶಾಂತಿಯ ಕಾಲದ ದೊಡ್ಡ ಆಸ್ಪತ್ರೆಯಲ್ಲಿ ಎಲುಬಿಗೊಬ್ಬ ವೈದ್ಯ, ಮೆದುಳಿಗೊಬ್ಬ ವೈದ್ಯ, ಕಣ್ಣಿಗೊಬ್ಬ ವೈದ್ಯ ಇರುತ್ತಾರೆ. ಬಾಂಬಿನ ಗಾಯ ಈ ಬಗೆಯ ವಿಭಾಗಗಳನ್ನು ಅರಿಯದು. ಸಿಡಿದ ಲೋಹದ ಚೂರುಗಳು ಒಂದೇ ದೇಹದಲ್ಲಿ ಎದೆಯನ್ನೂ ಹೊಟ್ಟೆಯನ್ನೂ ಕಾಲನ್ನೂ ಮುಖವನ್ನೂ ಹೊಕ್ಕಿರುತ್ತವೆ. ಸ್ಫೋಟದ ಒತ್ತಡದಿಂದ ಹೊರಗೆ ಗಾಯವಿಲ್ಲದೆಯೂ ಶ್ವಾಸಕೋಶ ಹಾನಿಗೊಂಡಿರಬಹುದು. ರಕ್ತ ಬಹಳವಾಗಿ ಹರಿದ ದೇಹ ತಣ್ಣಗಾಗುತ್ತದೆ. ತಣ್ಣಗಾದ ದೇಹದಲ್ಲಿ ರಕ್ತ ಹೆಪ್ಪುಗಟ್ಟದು. ಹೆಪ್ಪುಗಟ್ಟದ ರಕ್ತ ಇನ್ನಷ್ಟು ಹರಿಯುತ್ತದೆ. ಈ ವಿಷಚಕ್ರದಲ್ಲಿ ಸಿಲುಕಿದವನ ಮೇಲೆ ಗಂಟೆಗಟ್ಟಲೆ ಶಸ್ತ್ರಚಿಕಿತ್ಸೆ ನಡೆಸಿದರೆ ಮೇಜಿನ ಮೇಲೆಯೇ ಪ್ರಾಣ ಹೋಗುತ್ತದೆ. ಆದುದರಿಂದ ಯುದ್ಧದ ವೈದ್ಯನು ಮೊದಲು ರಕ್ತವನ್ನು ನಿಲ್ಲಿಸಿ, ಹರಿದ ಕರುಳಿನಿಂದ ಕಲ್ಮಶ ಸೋರದಂತೆ ತಡೆದು, ಗಾಯವನ್ನು ತಾತ್ಕಾಲಿಕವಾಗಿ ಮುಚ್ಚಿ ರೋಗಿಯನ್ನು ಬೆಚ್ಚಗಿರಿಸುತ್ತಾನೆ. ಒಂದೆರಡು ದಿನಗಳ ಬಳಿಕ ಉಳಿದ ಕೆಲಸವನ್ನು ಪೂರೈಸುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬ ಈ ವಿವೇಕ ಪುಸ್ತಕದಿಂದ ಸುಲಭವಾಗಿ ಬರುವಂತಹುದಲ್ಲ. ಇಂತಹ ಹೊತ್ತಿನಲ್ಲಿ ಅನುಭವಸ್ಥನೊಬ್ಬನ ಮಾತು ತರುಣ ವೈದ್ಯನಿಗೆ ಸಾವಿರ ಪುಟಗಳಿಗಿಂತ ಹೆಚ್ಚಿನದು.

ಈ ನೆರವು ದೊಡ್ಡ ಪ್ರಮಾಣದಲ್ಲಿ ಪ್ರಯೋಗಕ್ಕೆ ಬಂದದ್ದು ಸಿರಿಯ ದೇಶದಲ್ಲಿ. 2011ರಲ್ಲಿ ಆರಂಭವಾದ ಅಲ್ಲಿಯ ಒಳಯುದ್ಧ, 2024ರ ಡಿಸೆಂಬರಿನಲ್ಲಿ ಬಷರ್ ಅಲ್ ಅಸಾದರ ಆಡಳಿತ ಉರುಳುವವರೆಗೆ ನಡೆಯಿತು. ಯುದ್ಧದ ಎರಡನೆಯ ವರ್ಷದಲ್ಲಿಯೇ ಅಲ್ಲಿಯ ತೀವ್ರ ನಿಗಾ ಘಟಕಗಳಲ್ಲಿ ಪರಿಣತ ವೈದ್ಯರ ಅಭಾವ ಕಾಣಿಸಿತು. ಶಸ್ತ್ರವೈದ್ಯನು ಹೊಟ್ಟೆಯ ಗುಂಡನ್ನು ತೆಗೆದ ಮಾತ್ರಕ್ಕೆ ರೋಗಿ ಉಳಿಯುವುದಿಲ್ಲ. ಅವನ ಉಸಿರಾಟದ ಯಂತ್ರವನ್ನು ಸರಿಹೊಂದಿಸಬೇಕು, ರಕ್ತದೊತ್ತಡವನ್ನು ಕಾಯಬೇಕು, ನಂಜೇರದಂತೆ ಔಷಧಿಯನ್ನು ಅಳೆದು ಕೊಡಬೇಕು. 2012ರ ಡಿಸೆಂಬರಿನಲ್ಲಿ, ಉತ್ತರ ಅಮೆರಿಕ ಮತ್ತು ಯೂರೋಪುಗಳಲ್ಲಿ ನೆಲಸಿದ್ದ, ಅರಬ್ಬಿ ಭಾಷೆ ಬಲ್ಲ ವೈದ್ಯರು ಕೆಲವರು ಒಂದುಗೂಡಿ ಒಂದು ಏರ್ಪಾಡು ಮಾಡಿದರು. ಸಿರಿಯದ ಆಸ್ಪತ್ರೆಗಳ ನಿಗಾ ಘಟಕಗಳಲ್ಲಿ ಅಂಗಡಿಯಲ್ಲಿ ಸಿಗುವ ಅಗ್ಗದ ಕ್ಯಾಮೆರಾಗಳನ್ನು ಅಳವಡಿಸಲಾಯಿತು. ಮಾತುಕತೆಗೆ, ಎಲ್ಲರೂ ಬಿಟ್ಟಿಯಾಗಿ ಬಳಸುವ ಸಾಮಾಜಿಕ ಜಾಲತಾಣಗಳ ಸೌಕರ್ಯಗಳೇ ಸಾಕಾದುವು.

ಒಂದು ವರ್ಷದೊಳಗೆ ಮೂರು ಘಟಕಗಳಲ್ಲಿ ತಿಂಗಳಿಗೆ 90 ರೋಗಿಗಳು ಈ ಸೇವೆಯನ್ನು ಪಡೆಯತೊಡಗಿದರು. 2015ರ ಕೊನೆಯ ಹೊತ್ತಿಗೆ ಸುಮಾರು 20 ಮಂದಿ ತಜ್ಞರು ಸರದಿಯಂತೆ, ಹಗಲಿರುಳೆನ್ನದೆ ಐದು ಘಟಕಗಳಿಗೆ ಸಲಹೆ ನೀಡುತ್ತಿದ್ದರು. ಅಮೆರಿಕಕ್ಕೂ ಸಿರಿಯಕ್ಕೂ ನಡುವೆ 6,000 ಮೈಲಿಗಳಿಗೂ ಮೀರಿದ ದೂರ. ಏಳೆಂಟು ಗಂಟೆಗಳ ವೇಳೆಯ ಅಂತರ. ದೇಶಭ್ರಷ್ಟತೆ ಈ ರೀತಿಯಲ್ಲಿ ತಾಯ್ನಾಡಿಗೆ ಪ್ರಯೋಜನಕಾರಿಯಾದುದು ಒಂದು ವಿಶೇಷ. ಇದೇ ಬಗೆಯ ವ್ಯವಸ್ಥೆಗೆ ಶ್ರೀಮಂತ ರಾಷ್ಟ್ರಗಳಲ್ಲಿ ಭಾರಿ ಹಣ, ದೀರ್ಘ ಕಾಲ ಬೇಕಾಗುತ್ತದೆ. ಅಲ್ಲಿ ಅದನ್ನು ಅತ್ಯಲ್ಪ ವೆಚ್ಚದಲ್ಲಿ ಸಾಧಿಸಿದ್ದು ಯಂತ್ರಗಳಲ್ಲ, ಮನಸ್ಸುಗಳು.

ನಿಗಾ ಘಟಕದಲ್ಲಿ ನೋಡುತ್ತ ಸಲಹೆ ಕೊಡುವುದಕ್ಕಿಂತ ಕಠಿನವಾದುದು ನಡೆಯುತ್ತಿರುವ ಶಸ್ತ್ರಚಿಕಿತ್ಸೆಯನ್ನು ದೂರದಿಂದ ನಡೆಸಿಕೊಡುವುದು. ಈ ಸಾಹಸಕ್ಕೆ ಸಾಕ್ಷಿಯಾದುದು ಅಲೆಪ್ಪೊ ನಗರ. ಡೇವಿಡ್ ನಾಟ್ ಅವರು 2013 ಮತ್ತು 2014ರಲ್ಲಿ ಸ್ವತಃ ಅಲ್ಲಿಗೆ ಹೋಗಿ ತರುಣ ವೈದ್ಯರೊಡನೆ ನಿಂತು ಕೆಲಸ ಮಾಡಿದ್ದರು, ಅವರಿಗೆ ಕಲಿಸಿದ್ದರು. 2016ರಲ್ಲಿ ನಗರದ ಪೂರ್ವಭಾಗಕ್ಕೆ ಮುತ್ತಿಗೆ ಬಿದ್ದಿತು. ಎರಡೂವರೆ ಲಕ್ಷದಷ್ಟು ಜನ ಒಳಗೆ ಸಿಲುಕಿದ್ದರು. ಅವರ ಪಾಲಿಗೆ ಉಳಿದಿದ್ದ ವೈದ್ಯರ ಸಂಖ್ಯೆ 35ರ ಆಸುಪಾಸು. ನಾಟ್ ಇನ್ನು ಒಳಗೆ ಹೋಗುವಂತಿರಲಿಲ್ಲ. ಆದರೆ ಅವರ ಶಿಷ್ಯರು ಒಳಗಿದ್ದರು. ಗಾಯಗಳ ಚಿತ್ರಗಳೂ ಪ್ರಶ್ನೆಗಳೂ ವಾಟ್ಸ್‌ಆ್ಯಪ್ ಮೂಲಕ ಲಂಡನ್ನಿಗೆ ಬರತೊಡಗಿದುವು. ಉತ್ತರಗಳು ಅಲೆಪ್ಪೊಗೆ ಹೋಗತೊಡಗಿದುವು.

ಅಂತಹ ಒಂದು ದಿನ, ಬಾಂಬಿನಿಂದ ದವಡೆ ಛಿದ್ರವಾದ ರೋಗಿಯೊಬ್ಬನು ಅಲ್ಲಿದ್ದನು. ಮುಖದ ಪುನಾರಚನೆ ಬಲ್ಲ ತಜ್ಞರು ಆ ಆಸ್ಪತ್ರೆಯಲ್ಲಿರಲಿಲ್ಲ. ದವಡೆಯನ್ನು ಹಾಗೆಯೇ ಬಿಟ್ಟರೆ ಮನುಷ್ಯ ನುಂಗಲಾರ, ಮಾತನಾಡಲಾರ. ಗಾಯ ನಂಜೇರಿದರೆ ಬದುಕಲಾರ. ನಾಟ್ ಲಂಡನ್ನಿನಲ್ಲಿ ತಮ್ಮ ಕಂಪ್ಯೂಟರಿನ ಮುಂದೆ ಕುಳಿತರು. ಅಲೆಪ್ಪೊದ ಶಸ್ತ್ರಕೊಠಡಿಯಲ್ಲಿ ಒಂದು ಕೋಲಿನ ತುದಿಗೆ ಮೊಬೈಲನ್ನು ಸಿಕ್ಕಿಸಿ ರೋಗಿಯ ಮೇಲೆ ಹಿಡಿಯಲಾಯಿತು. ಪ್ರವಾಸಿಗಳು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳಲು ಬಳಸುವ ಕೋಲು ಅದು! ಸ್ಕೈಪ್ ಎಂಬ ಅಂದಿನ ಅಂತರ್ಜಾಲ ಸೌಕರ್ಯದ ಮೂಲಕ ಗಾಯದ ನೇರ ಚಿತ್ರ ಲಂಡನ್ನಿಗೆ ಹರಿದುಬಂದಿತು. ಎಲ್ಲಿ ಕೊಯ್ಯಬೇಕು, ಎಷ್ಟು ಆಳಕ್ಕೆ ಹೋಗಬೇಕು, ಯಾವ ರಕ್ತನಾಳವನ್ನು ಕಾಪಾಡಬೇಕು ಎಂಬುದನ್ನು ನಾಟ್ ಹೇಳುತ್ತ ಹೋದರು. ಅಲ್ಲಿಯ ವೈದ್ಯರು ಮಾಡುತ್ತ ಹೋದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಬ್ರಿಟನ್ನಿನ ದೂರದರ್ಶನದಲ್ಲಿ ಆ ದೃಶ್ಯ ಪ್ರಸಾರವಾದಾಗ ಜಗತ್ತೇ ಬೆರಗಾಯಿತು.

ಹೇಳುವ ಮಾತಿನಲ್ಲಿ ಒಂದು ತೊಡಕಿದೆ. ‘ಇನ್ನೂ ಸ್ವಲ್ಪ ಎಡಕ್ಕೆ’ ಎಂದರೆ ಎಷ್ಟು ಎಡಕ್ಕೆ? ಯಾರ ಎಡ? ಶಸ್ತ್ರವಿದ್ಯೆಯಲ್ಲಿ ಒಂದು ಗೋಧಿಕಾಳಿನಷ್ಟು ಅಂತರ ಪ್ರಾಣಕ್ಕೇ ಎರವಾಗಬಹುದು. ಈ ತೊಡಕನ್ನು ಕಳೆಯಲು ಹೊಸ ಸಾಧನಗಳು ಬಂದಿವೆ. ದೂರದ ತಜ್ಞನು ತನ್ನ ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆದರೆ, ಆ ಗೆರೆ ಶಸ್ತ್ರಕೊಠಡಿಯ ಪರದೆಯಲ್ಲಿ ರೋಗಿಯ ಅಂಗದ ಚಿತ್ರದ ಮೇಲೆಯೇ ಮೂಡುತ್ತದೆ. ಗಾಜಾ ಪಟ್ಟಿಯಲ್ಲಿ ಸ್ಫೋಟದಿಂದ ಹಾನಿಗೊಂಡ ಕೈಯೊಂದನ್ನು ಸರಿಪಡಿಸುವಾಗ ಲೆಬನಾನಿನ ಬೈರೂತ್ ನಗರದಿಂದ ತಜ್ಞರೊಬ್ಬರು ಈ ಬಗೆಯಲ್ಲಿಯೇ ಮಾರ್ಗದರ್ಶನ ಮಾಡಿದ ವೃತ್ತಾಂತ 2018ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಗಿದೆ. ಕೈಯ ಒಳಗೆ ಸ್ನಾಯುರಜ್ಜುಗಳೂ ನರಗಳೂ ಕೂದಲಿನಂತಹ ರಕ್ತನಾಳಗಳೂ ಹೆಣೆದುಕೊಂಡಿರುತ್ತವೆ. ಅಲ್ಲಿ ನೂರು ಮಾತುಗಳಿಗಿಂತ ಒಂದು ಗೆರೆ ಮೇಲು.

ಶಸ್ತ್ರಚಿಕಿತ್ಸೆಯನ್ನೇ ಯಂತ್ರದ ಕೈಗಳಿಂದ ದೂರದಲ್ಲಿ ಕುಳಿತು ಮಾಡಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಅದೂ ನಡೆದಿದೆ. 2001ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ಜಾಕ್ ಮಾರೆಸ್ಕೊ ಎಂಬ ಶಸ್ತ್ರವೈದ್ಯರು ನ್ಯೂಯಾರ್ಕಿನಲ್ಲಿ ಕುಳಿತು, ಸ್ಟ್ರಾಸ್‌ಬರ್ಗ್ ನಗರದಲ್ಲಿದ್ದ ರೋಗಿಯ ಪಿತ್ತಕೋಶವನ್ನು ಯಂತ್ರಮಾನವನ ತೋಳುಗಳಿಂದ ತೆಗೆದರು. ಆದರೆ ಅದಕ್ಕೆ ಲಕ್ಷಾಂತರ ಡಾಲರುಗಳ ಯಂತ್ರ ಬೇಕಾಯಿತು, ಎಂದೂ ಕಡಿಯದ ವಿದ್ಯುತ್ ಬೇಕಾಯಿತು, ಅದಕ್ಕೆಂದೇ ಮೀಸಲಿಟ್ಟ ಸಂಪರ್ಕ ಬೇಕಾಯಿತು. ಕೈ ಆಡಿಸಿದ್ದಕ್ಕೂ ಅದರ ಫಲ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಒಂದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಕಡಮೆ ವಿಳಂಬವಿದ್ದುದರಿಂದ ಅದು ಸಾಧ್ಯವಾಯಿತು. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹವನ್ನು ಮುಟ್ಟಿ ಕೆಳಗಿಳಿಯಲು ಸಂಕೇತಕ್ಕೆ ಕಾಲು ಸೆಕೆಂಡು ಹಿಡಿಯುತ್ತದೆ. ಮರುತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ಮಾತಿಗೆ ಈ ವಿಳಂಬ ಬಾಧಕವಲ್ಲ, ಚೂರಿಗೆ ಬಾಧಕ. ಆದುದರಿಂದ ವಿದ್ಯುತ್ತೂ ಸಂಪರ್ಕವೂ ಯಾವ ಕ್ಷಣದಲ್ಲಾದರೂ ಕಡಿದುಹೋಗುವ ಸಮರಭೂಮಿಗೆ ಯಂತ್ರದ ಕೈಗಿಂತ ಮನುಷ್ಯನ ಕೈಯೇ ಲೇಸು. ಸಂಪರ್ಕ ತಪ್ಪಿದರೂ ಆ ಕೈ ತನಗೆ ತಿಳಿದಷ್ಟನ್ನು ಮಾಡಿ ಗಾಯವನ್ನು ಮುಚ್ಚಬಲ್ಲುದು.

ಸಂಪರ್ಕ ದುರ್ಬಲವಾದೆಡೆಗಳಲ್ಲಿ ನೇರ ಚಿತ್ರಕ್ಕೆ ಬದಲಾಗಿ, ಗಾಯದ ಛಾಯಾಚಿತ್ರವನ್ನೂ ಕ್ಷಕಿರಣದ ಚಿತ್ರವನ್ನೂ ರೋಗಿಯ ವಿವರವನ್ನೂ ಕಳುಹಿಸಿ, ಉತ್ತರಕ್ಕಾಗಿ ಕಾಯುವ ಕ್ರಮವೂ ಇದೆ. ತುರ್ತಿಲ್ಲದ ಪ್ರಶ್ನೆಗಳಿಗೆ ಇದು ಹೆಚ್ಚು ಅನುಕೂಲ. ತಜ್ಞನು ತನ್ನ ಬಿಡುವಿನಲ್ಲಿ ಚೆನ್ನಾಗಿ ಯೋಚಿಸಿ ಉತ್ತರಿಸಬಹುದು.

ಆದರೂ ದೂರವೈದ್ಯ ಸರ್ವರೋಗಕ್ಕೂ ಮದ್ದಲ್ಲ. ಪರದೆ ಗಾಯವನ್ನು ತೋರಿಸುತ್ತದೆ. ಹೊಟ್ಟೆಯ ಬಿಗುವನ್ನು, ಚರ್ಮದ ಬಿಸಿಯನ್ನು, ಕೊಳೆತದ ವಾಸನೆಯನ್ನು ತಿಳಿಸಲಾರದು. ಅವನ್ನು ಬಲ್ಲವನು ಸ್ಥಳದಲ್ಲಿರುವ ವೈದ್ಯನೇ. ಇನ್ನು, ಲಂಡನ್ನಿನಲ್ಲಿ ಸರಿಯೆನಿಸುವ ಚಿಕಿತ್ಸೆ ಮುತ್ತಿಗೆಯ ಊರಿನಲ್ಲಿ ಸರಿಯಾಗದಿರಬಹುದು. ರಕ್ತನಿಧಿಯಲ್ಲಿ ಎಷ್ಟು ರಕ್ತವಿದೆ, ಅರಿವಳಿಕೆಯ ಮದ್ದು ಎಷ್ಟು ಹೊತ್ತಿಗೆ ಸಾಕು, ಹೊರಗೆ ಇನ್ನೆಷ್ಟು ಗಾಯಾಳುಗಳು ಕಾದಿದ್ದಾರೆ ಎಂಬುದನ್ನು ಕೇಳದೆ ಸಲಹೆ ಕೊಡುವ ತಜ್ಞನು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿಯಾನು. ಒಬ್ಬನ ಕಾಲನ್ನು ಉಳಿಸಲು ಆರು ಗಂಟೆ ವ್ಯಯಿಸಿದರೆ, ಆ ಆರು ಗಂಟೆಗಳಲ್ಲಿ ಹೊರಗೆ ಮೂವರು ಸಾಯಬಹುದು. ಈ ನಿರ್ಧಾರದ ಭಾರವನ್ನು ಯಾವ ಉಪಗ್ರಹವೂ ಹೊರಲಾರದು. ಕಡೆಗೆ ರೋಗಿಯ ಬಂಧುಗಳ ಮುಖ ನೋಡಿ ಮಾತನಾಡಬೇಕಾದವನೂ ಸ್ಥಳದ ವೈದ್ಯನೇ.

ಇವೆಲ್ಲಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವಿದೆ. ಅಲೆಪ್ಪೊದಲ್ಲಿ ದವಡೆಯ ಶಸ್ತ್ರಚಿಕಿತ್ಸೆ ನಡೆದದ್ದು ಎಂ-10 ಎಂಬ ಆಸ್ಪತ್ರೆಯಲ್ಲಿ. ಆಸ್ಪತ್ರೆಗೆ ಹೆಸರಿಗೆ ಬದಲು ಅಂಕಿಯೇಕೆ? ಹೆಸರು ತಿಳಿದರೆ ನೆಲೆ ತಿಳಿಯುತ್ತದೆ. ನೆಲೆ ತಿಳಿದರೆ ಬಾಂಬು ಬೀಳುತ್ತದೆ ಎಂಬ ಭಯದಿಂದ ಅಲ್ಲಿಯ ಆಸ್ಪತ್ರೆಗಳಿಗೆ ಗುಪ್ತನಾಮಗಳನ್ನು ಇಟ್ಟಿದ್ದರು. ಶಸ್ತ್ರಕೊಠಡಿಗಳನ್ನು ನೆಲಮಾಳಿಗೆಗೆ ಇಳಿಸಿದ್ದರು. ಆದರೂ 2016ರ ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಮೊದಲ ವಾರದೊಳಗೆ ಎಂ-10 ಆಸ್ಪತ್ರೆಯ ಮೇಲೆ ಮತ್ತೆ ಮತ್ತೆ ವಿಮಾನದಾಳಿಗಳು ನಡೆದುವು. ಆಸ್ಪತ್ರೆ ಬಳಕೆಗೆ ಬಾರದಂತೆ ಹಾಳಾಯಿತು. ತಮ್ಮ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿ, ಆ ಮೂಲಕ ಆಸ್ಪತ್ರೆಯ ನೆಲೆಯನ್ನು ಪತ್ತೆಹಚ್ಚಿರಬಹುದೆಂದು ನಾಟ್ ಅವರು 2018ರಲ್ಲಿ ಶಂಕೆ ವ್ಯಕ್ತಪಡಿಸಿದರು. ಆ ಶಂಕೆ ರುಜುವಾತಾದುದಲ್ಲ. ಆ ಆಸ್ಪತ್ರೆ ಅದಕ್ಕೂ ಮೊದಲೇ ಹಲವು ಬಾರಿ ದಾಳಿಗೆ ಗುರಿಯಾಗಿತ್ತು. ಆದರೆ ಅಂತಹುದು ಅಸಾಧ್ಯವಲ್ಲವೆಂಬುದೇ ಎದೆಯನ್ನು ನಡುಗಿಸುವ ಸಂಗತಿ. ಇನ್ನು ಮುಂದೆ ಆ ಬಗೆಯಲ್ಲಿ ಅಂತರ್ಜಾಲದ ಮೂಲಕ ನೆರವಾಗಲು ತಮಗೆ ಮನಸ್ಸಿಲ್ಲವೆಂದು ಆ ಧೀರ ವೈದ್ಯರೇ ಹೇಳುವಂತಾಯಿತು. ಪ್ರಾಣವುಳಿಸುವ ಮಾತು ಬಂದ ದಾರಿಯಲ್ಲಿಯೇ ಪ್ರಾಣ ತೆಗೆಯುವ ಕಣ್ಣೂ ಬರಬಹುದು. ಆದುದರಿಂದ ದೂರವೈದ್ಯದಲ್ಲಿ ಗೋಪ್ಯ ಸಂಕೇತಗಳು, ನೆಲೆಯನ್ನು ಮರೆಸುವ ಉಪಾಯಗಳು, ರೋಗಿಯ ಹೆಸರನ್ನೂ ಆಸ್ಪತ್ರೆಯ ಚಿತ್ರವನ್ನೂ ಬಯಲುಮಾಡದ ಎಚ್ಚರ, ಇವು ಔಷಧಿಯಷ್ಟೇ ಮುಖ್ಯವಾಗಿವೆ.

ಆಸ್ಪತ್ರೆ ತನ್ನನ್ನು ಬಚ್ಚಿಟ್ಟುಕೊಳ್ಳಬೇಕಾದ ಸ್ಥಿತಿ ಬಂದದ್ದಾದರೂ ಹೇಗೆ? ಇದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ, ಮನುಷ್ಯತ್ವದ ಪ್ರಶ್ನೆ. 1859ರಲ್ಲಿ ಇಟಲಿಯ ಸೋಲ್ಫೆರೀನೊ ರಣರಂಗದಲ್ಲಿ ಆರೈಕೆಯಿಲ್ಲದೆ ನರಳುತ್ತಿದ್ದ ಸಾವಿರಾರು ಗಾಯಾಳುಗಳನ್ನು ಕಂಡು ಆನ್ರಿ ಡ್ಯುನಾನನ ಹೃದಯ ಮಿಡಿಯಿತು. ಅವನ ಪ್ರಯತ್ನದಿಂದ ರೆಡ್‌ಕ್ರಾಸ್ ಸಂಸ್ಥೆ ಹುಟ್ಟಿತು. 1864ರ ಜಿನೀವಾ ಒಪ್ಪಂದ, ಗಾಯಗೊಂಡ ಯೋಧನನ್ನೂ ಅವನನ್ನು ಆರೈಕೆ ಮಾಡುವವರನ್ನೂ ಹಿಂಸಿಸಬಾರದೆಂದು ವಿಧಿಸಿತು. 1949ರ ಒಪ್ಪಂದಗಳು ನಾಗರಿಕರ ಆಸ್ಪತ್ರೆಗಳಿಗೂ ಆ ರಕ್ಷಣೆಯನ್ನು ವಿಸ್ತರಿಸಿದುವು. ಎತ್ತರದಲ್ಲಿ ಕೆಂಪು ಶಿಲುಬೆಯನ್ನೋ ಕೆಂಪು ಅರ್ಧಚಂದ್ರವನ್ನೋ ದೊಡ್ಡದಾಗಿ ಬರೆದು, ಇದು ಆಸ್ಪತ್ರೆಯೆಂದು ಎಲ್ಲರಿಗೂ ಕಾಣಿಸುವುದೇ ರಕ್ಷೆಯೆಂಬುದು ಆ ಒಪ್ಪಂದಗಳ ಭಾವನೆ. 2016ರ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಸಮಿತಿಯೂ ಆಸ್ಪತ್ರೆಗಳ ಮೇಲಿನ ದಾಳಿಗಳನ್ನು ಖಂಡಿಸಿ ನಿರ್ಣಯವನ್ನು ಅಂಗೀಕರಿಸಿತು. ಐದು ತಿಂಗಳು ಕಳೆಯುವ ಹೊತ್ತಿಗೆ ಎಂ-10 ಆಸ್ಪತ್ರೆ ಹಾಳಾಗಿತ್ತು. ಸಿರಿಯದ ಯುದ್ಧದಲ್ಲಿ 900ಕ್ಕೂ ಹೆಚ್ಚು ಮಂದಿ ವೈದ್ಯಕೀಯ ಸಿಬ್ಬಂದಿ ಪ್ರಾಣ ಕಳೆದುಕೊಂಡರೆಂದು ಮಾನವಹಕ್ಕುಗಳಿಗಾಗಿ ದುಡಿಯುವ ವೈದ್ಯರ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಕಾಗದದ ಮೇಲಿನ ಧರ್ಮ ನೆಲದ ಮೇಲೆ ನಡೆಯದಿದ್ದರೆ ವಿಜ್ಞಾನದ ಕೊಡುಗೆಗಳೂ ನಿಷ್ಫಲವಾಗುತ್ತವೆ.

ಹಾಗೆಂದು ಕೈಕಟ್ಟಿ ಕೂರುವುದು ಪರಿಹಾರವಲ್ಲ. ವಿದ್ಯೆಯನ್ನು ಮುಂಚಿತವಾಗಿಯೇ ಸ್ಥಳದ ವೈದ್ಯರ ಕೈಗೆ ತಲಪಿಸುವುದು ಒಂದು ಮಾರ್ಗ. ಡೇವಿಡ್ ನಾಟ್ ಅವರೂ ಅವರ ಪತ್ನಿ ಎಲ್ಲಿಯವರೂ 2015ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನ ಈ ಕೆಲಸವನ್ನು ಕೈಗೊಂಡಿದೆ. ಯುದ್ಧದ ಗಾಯಗಳ ಚಿಕಿತ್ಸೆಯನ್ನು ಕೆಲವೇ ದಿನಗಳ ಶಿಬಿರದಲ್ಲಿ ಕಲಿಸುವುದು ಅದರ ಕ್ರಮ. 2016ರಲ್ಲಿ ಸಿರಿಯದ ವೈದ್ಯರಿಗಾಗಿ ನೆರೆಯ ತುರ್ಕಿಯ ಗಾಜಿಯಾನ್‌ತೆಪ್ ನಗರದಲ್ಲಿ ಇಂತಹ ಶಿಬಿರ ನಡೆಯಿತು. 2022ರ ಫೆಬ್ರವರಿಯಲ್ಲಿ ರಷ್ಯ ಯುಕ್ರೇನಿನ ಮೇಲೆ ದೊಡ್ಡ ಪ್ರಮಾಣದ ದಾಳಿಯನ್ನು ಆರಂಭಿಸಿದ ಮೇಲೆ, ಅಲ್ಲಿಯ ಶಸ್ತ್ರವೈದ್ಯರಿಗೂ ಈ ಶಿಕ್ಷಣ ದೊರೆಯಿತು. ಹೀಗೆ ಕಲಿತವನಿಗೆ ದೂರದ ಗುರುವಿನ ಒಂದು ಮಾತು ಸಾಕು. ಒಂದು ವೇಳೆ ಆ ಮಾತೂ ತಲಪದಿದ್ದರೆ ಅವನು ದಿಕ್ಕೆಡಲಾರ. ಶಿಕ್ಷಣವೂ ದೂರವೈದ್ಯವೂ ಒಂದರ ಬದಲಿಗೆ ಇನ್ನೊಂದಲ್ಲ. ಬಂಡಿಯ ಎರಡು ಗಾಲಿಗಳಂತೆ ಅವು ಕೂಡಿಯೇ ಸಾಗಬೇಕು.

ದೂರವೈದ್ಯದ ಕಥೆಯಲ್ಲಿ ಯಂತ್ರಗಳ ಬೆರಗು ಎದ್ದುಕಾಣುವುದು ನಿಜ. ತಂತಿಯ ಟಕಟಕ ಸದ್ದಿನಿಂದ ಬೆರಳಿನ ಗೆರೆಯವರೆಗೆ ನೂರು ವರ್ಷಗಳಲ್ಲಿ ಅದು ಬೆಳೆದು ಬಂದಿದೆ. ಆದರೆ ಹಾಲ್ಸ್ ಕ್ರೀಕಿನ ಅಂಚೆಯವನಿಂದ ಅಲೆಪ್ಪೊದ ತರುಣ ವೈದ್ಯರವರೆಗೆ ಬದಲಾಗದೆ ಉಳಿದಿರುವುದು ಒಂದಿದೆ. ರೋಗಿಯನ್ನು ಬಿಟ್ಟು ಓಡಿಹೋಗದೆ, ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪಿ, ಬಲ್ಲವರನ್ನು ಕೇಳಿ, ನಡುಗುವ ಕೈಯನ್ನು ಸ್ಥಿರಗೊಳಿಸಿಕೊಂಡು ಕೆಲಸಕ್ಕೆ ನಿಲ್ಲುವ ಮನುಷ್ಯನೇ ಅದು. ಇನ್ನೊಂದು ತುದಿಯಲ್ಲಿ, ತನ್ನ ನಿದ್ದೆಯನ್ನು ಬಿಟ್ಟು, ಕಂಡರಿಯದ ಊರಿನ ಹೆಸರರಿಯದ ರೋಗಿಗಾಗಿ ಪರದೆಯ ಮುಂದೆ ಕುಳಿತಿರುವ ಮನುಷ್ಯನೂ ಅಷ್ಟೇ ಮುಖ್ಯ. ಅಂತರ್ಜಾಲ ಅವರಿಬ್ಬರನ್ನು ಸೇರಿಸುವ ಸೇತುವೆ. ಸೇತುವೆಯನ್ನು ಕಟ್ಟುವುದು ವಿಜ್ಞಾನದ ಕೆಲಸ. ಅದರ ಮೇಲೆ ಬಾಂಬು ಬೀಳದಂತೆ ಕಾಯುವುದು ರಾಷ್ಟ್ರಗಳ ಧರ್ಮ. ಮೊದಲನೆಯದನ್ನು ಮನುಕುಲ ಬಹುಮಟ್ಟಿಗೆ ಸಾಧಿಸಿದೆ. ಎರಡನೆಯದನ್ನು ಸಾಧಿಸುವುದು ಇನ್ನೂ ಬಾಕಿಯಿದೆ.